ಕಾರಿನ ಓಟವನ್ನು ದಾಖಲಿಸುವ ಸಾಧನ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರಿನ ವೇಗ, ಎಂಜಿನ್ನಿನ ಸುತ್ತು, ಇಂಧನದ ಬಳಕೆ ಮುಂತಾದವುಗಳನ್ನು ತಾವೇ ಕಟ್ಟಿದ ಪುಟ್ಟ ಸಾಧನದಲ್ಲಿ ದಾಖಲಿಸಿಕೊಳ್ಳಬೇಕೆಂದು ಹೊರಟಿರುವ ಹಲವು ಓದುಗರು ಪತ್ರ ಬರೆದಿದ್ದಾರೆ. ಪ್ರಶ್ನೆಗಳೆಲ್ಲ ಒಂದೇ ವಿಷಯಕ್ಕೆ ಸಂಬಂಧಿಸಿರುವುದರಿಂದ ಅವುಗಳನ್ನು ಒಟ್ಟಾಗಿ ತೆಗೆದುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನಗೆ ಮೈಕ್ರೊಕಂಟ್ರೋಲರ್‌ಗಳ (ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರುಗಳ) ಪರಿಚಯವಿದೆ. ಕಾರಿನ ಕಾರ್ಯಕ್ಷಮತೆಯನ್ನು ದಾಖಲಿಸುವ ಸಾಧನವೊಂದನ್ನು ಕಟ್ಟಲು ಯಾವ ಬೋರ್ಡನ್ನು ಆರಿಸಿಕೊಳ್ಳಬೇಕು?

ಉತ್ತರ: ಬೋರ್ಡಿನ ಆಯ್ಕೆ ಕೊನೆಗೆ ಆಗಬೇಕಾದ ಕೆಲಸ. ದಾಖಲೆಯಿಂದ ತಮಗೆ ಏನು ತಿಳಿಯಬೇಕಾಗಿದೆ ಎಂಬುದನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಏರುದಾರಿಯಲ್ಲಿ ಎಂಜಿನ್ ಎಷ್ಟು ಬಿಸಿಯಾಗುತ್ತದೆ ಎಂಬುದಷ್ಟೇ ಬೇಕಿದ್ದರೆ ಸೆಕೆಂಡಿಗೆ ಒಂದು ಅಳತೆ ಧಾರಾಳವಾಯಿತು. ನಿಂತ ಕಾರು ಗಂಟೆಗೆ 100 ಕಿ.ಮೀ. ವೇಗವನ್ನು ಮುಟ್ಟಲು ತೆಗೆದುಕೊಳ್ಳುವ ಸಮಯ ಬೇಕಿದ್ದರೆ ಸೆಕೆಂಡಿಗೆ ಕನಿಷ್ಠ 10 ಬಾರಿ ವೇಗವನ್ನು ಓದಬೇಕು. ಬ್ರೇಕ್ ಒತ್ತಿದಾಗ ಕಾರು ಹೇಗೆ ವರ್ತಿಸುತ್ತದೆ ಎಂಬುದನ್ನು ನೋಡಬೇಕಿದ್ದರೆ 100 ಬಾರಿಯಾದರೂ ಓದಬೇಕಾಗುತ್ತದೆ. ಈ ಸಂಖ್ಯೆಗಳು ಗೊತ್ತಾದ ಮೇಲೆ ಎಷ್ಟು ಮೆಮೊರಿ, ಎಂಥ ಸೆನ್ಸರ್, ಎಷ್ಟು ವೇಗದ ಚಿಪ್ ಬೇಕೆಂಬುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

ಆದರೂ ಒಂದು ಸಲಹೆ ಕೊಡಬಹುದು. ಕಾರಿನ ಬೇರೆ ಬೇರೆ ಎಲೆಕ್ಟ್ರಾನಿಕ್ ಭಾಗಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ತಂತಿಗಳ ಜಾಲ, ಅಂದರೆ ಕ್ಯಾನ್ ಜಾಲದೊಂದಿಗೆ ಮಾತನಾಡಬಲ್ಲ ನಿಯಂತ್ರಕವು ಚಿಪ್ಪಿನೊಳಗೇ ಇರುವಂಥದ್ದನ್ನು ಆರಿಸಿಕೊಳ್ಳಿ. ಇಎಸ್‌ಪಿ32 ಮತ್ತು ಎಸ್‌ಟಿಎಂ32 ಕುಟುಂಬದ ಅನೇಕ ಚಿಪ್ಪುಗಳಲ್ಲಿ ಇದು ಇರುತ್ತದೆ. ಹೊರಗೆ, ಚಿಪ್ಪಿನ ಸಂಕೇತಗಳನ್ನು ಜಾಲದ ತಂತಿಗಳಿಗೆ ಹೊಂದಿಸುವ ಒಂದು ಟ್ರಾನ್ಸ್‌ಸೀವರ್ ಚಿಪ್ ಸೇರಿಸಿದರೆ ಸಾಕು. ಕಲಿಯುವವರು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಆರ್ಡುಯಿನೊ ಊನೊ ಬೋರ್ಡಿನ ಹಳೆಯ ಮಾದರಿಗಳಲ್ಲಿ (ಆರ್3ರವರೆಗೆ) ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್ ಕೇವಲ 2 ಕಿಲೋಬೈಟ್. ಮೆಮೊರಿ ಕಾರ್ಡಿನ ಒಂದೇ ಒಂದು ಸೆಕ್ಟರನ್ನು (ಕಾರ್ಡು ಒಮ್ಮೆಗೆ ಬರೆಯುವ ತುಂಡನ್ನು) ಹಿಡಿದಿಟ್ಟುಕೊಳ್ಳಲು 512 ಬೈಟ್ ಬೇಕಾಗುವುದರಿಂದ ಕಾಲುಭಾಗ ಅಲ್ಲಿಯೇ ಮುಗಿದುಹೋಗುತ್ತದೆ. ಅದರ ಮೇಲೆ ಪ್ರಯೋಗ ಮಾಡಬಹುದು, ಭರವಸೆಯ ದಾಖಲೆಯನ್ನು ಪಡೆಯುವುದು ಕಷ್ಟ.

ಪ್ರಶ್ನೆ: ಸ್ಟಿಯರಿಂಗ್ ಕೆಳಗಿರುವ ಓಬಿಡಿ ಕಿಂಡಿಯಿಂದ (ಕಾರಿನ ದೋಷಗಳನ್ನು ಪತ್ತೆಮಾಡುವ ಸಾಧನವನ್ನು ಸಿಕ್ಕಿಸುವ ಜಾಗದಿಂದ) ಏನೇನು ಮಾಹಿತಿ ಸಿಗುತ್ತದೆ? ನಾನು ಆರು ಅಳತೆಗಳನ್ನು ಕೇಳುತ್ತಿದ್ದೇನೆ, ಆದರೆ ಪ್ರತಿಯೊಂದೂ ಸೆಕೆಂಡಿಗೆ ಮೂರು ಬಾರಿಯಷ್ಟೇ ಬರುತ್ತಿದೆ. ನನ್ನ ಪ್ರೋಗ್ರಾಮಿನಲ್ಲಿ ದೋಷವಿದೆಯೇ?

ಉತ್ತರ: ದೋಷ ಪ್ರೋಗ್ರಾಮಿನದಲ್ಲ, ಕೇಳುವ ಕ್ರಮದ್ದು. ಓಬಿಡಿ-2 ವ್ಯವಸ್ಥೆ ಹುಟ್ಟಿದ್ದು ಹೊಗೆಯ ಮಾಲಿನ್ಯವನ್ನು ಪರೀಕ್ಷಿಸುವುದಕ್ಕಾಗಿ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಅದು ಕಡ್ಡಾಯವಾಯಿತು. 2008ರ ಮಾದರಿಗಳಿಂದ ಅಲ್ಲಿ ಕ್ಯಾನ್ ಸಂಪರ್ಕವೂ ಕಡ್ಡಾಯವಾಯಿತು. ದುರಸ್ತಿಗಾರನೊಬ್ಬ ನಿಂತು ಓದಿಕೊಳ್ಳಲೆಂದು ರೂಪಿಸಿದ ವ್ಯವಸ್ಥೆಯಿಂದ ಓಟದ ಮೈದಾನದ ವೇಗವನ್ನು ನಿರೀಕ್ಷಿಸುವಂತಿಲ್ಲ.

ಹದಿನಾರು ಕಾಲುಗಳ ಆ ಕಿಂಡಿಯಲ್ಲಿ 6 ಮತ್ತು 14ನೆಯ ಕಾಲುಗಳು ಕ್ಯಾನ್ ತಂತಿಗಳು, 4 ಮತ್ತು 5ನೆಯವು ಗ್ರೌಂಡ್, 16ನೆಯದು ಬ್ಯಾಟರಿಯ ಧನ ತುದಿ. ಜಾಲದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 500 ಕಿಲೋಬಿಟ್, ಕೆಲವು ವಾಹನಗಳಲ್ಲಿ 250. ನೀವು 7ಡಿಎಫ್ (ಇಂಥ ಗುರುತು-ಸಂಕೇತಗಳು ಹದಿನಾರರ ಆಧಾರದ ಸಂಖ್ಯೆಗಳು) ಎಂಬ ಗುರುತಿನೊಂದಿಗೆ ಪ್ರಶ್ನೆಯನ್ನು ಕಳುಹಿಸಿದರೆ ಎಂಜಿನ್ ನಿಯಂತ್ರಕವು ಸಾಮಾನ್ಯವಾಗಿ 7ಇ8 ಎಂಬ ಗುರುತಿನೊಂದಿಗೆ ಉತ್ತರಿಸುತ್ತದೆ. ಸದ್ಯದ ಅಳತೆಗಳನ್ನು ಕೊಡುವ ಸೇವೆ 01ರ ಅಡಿಯಲ್ಲಿ 0ಸಿ ಎಂದು ಕೇಳಿದರೆ ಎಂಜಿನ್ನಿನ ಸುತ್ತು, 0ಡಿ ಎಂದು ಕೇಳಿದರೆ ವೇಗ, 05 ಎಂದರೆ ಕೂಲೆಂಟಿನ (ಎಂಜಿನ್ನನ್ನು ತಂಪಾಗಿಡುವ ದ್ರವದ) ಉಷ್ಣತೆ. ಸುತ್ತಿನ ಲೆಕ್ಕಕ್ಕೆ ಮೊದಲ ಬೈಟನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು: 26 ಮತ್ತು 248 ಎಂಬ ಬೈಟುಗಳು ಬಂದರೆ ಎಂಜಿನ್ ನಿಮಿಷಕ್ಕೆ 1726 ಸುತ್ತು ತಿರುಗುತ್ತಿದೆ ಎಂದರ್ಥ. ಉಷ್ಣತೆಗೆ ಬಂದ ಬೈಟಿನಿಂದ 40 ಕಳೆದರಾಯಿತು. ವೇಗಕ್ಕೆ ಒಂದೇ ಬೈಟ್ ಇರುವುದರಿಂದ ಅದು ಪೂರ್ಣ ಕಿಲೋಮೀಟರುಗಳಲ್ಲಿ ಮಾತ್ರ ಸಿಗುತ್ತದೆ. ಈ ಮಿತಿಯನ್ನು ನೆನಪಿಡಿ, ಮುಂದೆ ಅದು ಅಡ್ಡಬರುತ್ತದೆ.

ಈಗ ನಿಧಾನಗತಿಯ ಕಾರಣ. ನಿಯಂತ್ರಕವು ಒಂದು ಪ್ರಶ್ನೆಗೆ 50 ಮಿಲಿಸೆಕೆಂಡಿನೊಳಗೆ ಉತ್ತರಿಸಬೇಕೆಂಬುದು ನಿಯಮ. ಪ್ರತಿ ಉತ್ತರಕ್ಕೂ ಅಷ್ಟು ಹೊತ್ತು ಕಾಯುತ್ತ ಆರು ಅಳತೆಗಳನ್ನು ಸರದಿಯಲ್ಲಿ ಕೇಳಿದರೆ ಒಂದು ಸುತ್ತಿಗೆ 300 ಮಿಲಿಸೆಕೆಂಡ್ ಹಿಡಿಯುತ್ತದೆ, ಅಂದರೆ ಸೆಕೆಂಡಿಗೆ ಮೂರು ಬಾರಿ. ಕ್ಯಾನ್ ಇರುವ ಕಾರುಗಳಲ್ಲಿ ಒಂದೇ ಪ್ರಶ್ನೆಯಲ್ಲಿ ಆರು ಅಳತೆಗಳವರೆಗೆ ಕೇಳುವ ಅವಕಾಶವಿದೆ. ಆದರೆ ಆಗ ಉತ್ತರವು ಒಂದು ಚೌಕಟ್ಟಿನಲ್ಲಿ (ಜಾಲದ ಒಂದು ಸಂದೇಶದಲ್ಲಿ) ಹಿಡಿಸದೆ ಹಲವು ಚೌಕಟ್ಟುಗಳಾಗಿ ಬರುತ್ತದೆ; ಮೊದಲನೆಯದು ಬಂದ ಕೂಡಲೇ ‘ಮುಂದುವರಿಸು’ ಎಂಬ ಹರಿವು ನಿಯಂತ್ರಣದ ಸಂದೇಶವನ್ನು ನಿಮ್ಮ ಸಾಧನ ಕಳುಹಿಸದಿದ್ದರೆ ಉಳಿದವು ಬರುವುದೇ ಇಲ್ಲ. ಮೊದಲ ತುಣುಕು ಮಾತ್ರ ಬಂದು ನಿಂತುಹೋಗುತ್ತದೆ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇದೇ ಕಾರಣವಿರುತ್ತದೆ. ಇನ್ನೊಂದು ಉಪಾಯವೆಂದರೆ ಎಲ್ಲವನ್ನೂ ಸಮನಾಗಿ ಕೇಳದಿರುವುದು: ಸುತ್ತು ಮತ್ತು ವೇಗವನ್ನು ಪ್ರತಿ ಸರದಿಯಲ್ಲಿಯೂ ಕೇಳಿ, ಕೂಲೆಂಟಿನ ಉಷ್ಣತೆಯನ್ನು ಹಲವು ಸೆಕೆಂಡಿಗೊಮ್ಮೆ ಕೇಳಿ.

ಪ್ರಶ್ನೆ: ಸಾಧನವನ್ನು ಜೋಡಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪಗಳು ಹೊತ್ತಿಕೊಂಡವು. ಏನಾಗಿರಬಹುದು?

ಉತ್ತರ: ಎರಡು ಸಂಗತಿಗಳನ್ನು ಪರೀಕ್ಷಿಸಿ. ಕ್ಯಾನ್ ಜಾಲದ ಎರಡೂ ತುದಿಗಳಲ್ಲಿ 120 ಓಮ್ ರೋಧಕಗಳು ಕಾರಿನೊಳಗೆ ಮೊದಲೇ ಇರುತ್ತವೆ. ನೀವು ಕೊಂಡ ಮಾಡ್ಯೂಲಿನಲ್ಲಿಯೂ ಅಂಥದ್ದೊಂದು ಬೆಸೆದಿರುವ ಸಂಭವವಿದೆ, ಅದನ್ನು ತೆಗೆಯಬೇಕು. ಎರಡನೆಯದಾಗಿ, ತಪ್ಪು ವೇಗಕ್ಕೆ ಹೊಂದಿಸಿದ ನಿಮ್ಮ ಕ್ಯಾನ್ ನಿಯಂತ್ರಕವು ಜಾಲದ ಮೇಲೆ ದೋಷದ ಸಂಕೇತಗಳನ್ನು ಕಳುಹಿಸಿ ಉಳಿದವರ ಮಾತುಕತೆಯನ್ನೇ ಕೆಡಿಸಬಲ್ಲದು. ಆದ್ದರಿಂದ ಮೊದಲು ‘ಕೇಳುವಿಕೆ ಮಾತ್ರ’ ಎಂಬ ಸ್ಥಿತಿಯಲ್ಲಿ ಇಟ್ಟು ವೇಗ ಸರಿಯಿದೆಯೇ ಎಂದು ನೋಡಿ, ಆಮೇಲಷ್ಟೇ ಪ್ರಶ್ನೆ ಕಳುಹಿಸುವುದನ್ನು ಆರಂಭಿಸಿ. ಈ ಪ್ರಯೋಗಗಳು ನಿಂತ ಕಾರಿನಲ್ಲಿಯೇ ನಡೆಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ವೇಗೋತ್ಕರ್ಷವನ್ನು (ವೇಗ ಬದಲಾಗುವ ದರವನ್ನು) ಅಳೆಯಲು ಎಂಪಿಯು-6050 ಎಂಬ ಚಲನೆಯ ಸೆನ್ಸರ್ ಬಳಸಿದ್ದೇನೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಗ್ರಾಫಿನಲ್ಲಿ ನಿಧಾನವಾದ ಅಲೆಗಳು ಕಾಣುತ್ತವೆ. ಕಾರು ನಿಜವಾಗಿಯೂ ಹಾಗೆ ಓಲಾಡುತ್ತಿದೆಯೇ?

ಉತ್ತರ: ಓಲಾಡುತ್ತಿಲ್ಲ. ನೀವು ಕಾಣುತ್ತಿರುವುದು ಎಂಜಿನ್ನಿನ ಕಂಪನದ ವೇಷ ಬದಲಿಸಿದ ರೂಪ. ನಾಲ್ಕು ಸಿಲಿಂಡರುಗಳ ನಾಲ್ಕು ಹೊಡೆತದ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಇಂಧನವನ್ನು ಉರಿಸುತ್ತದೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು, ಆದ್ದರಿಂದ 100 ಹರ್ಟ್ಸ್ ಕಂಪನ. ನೀವು ಸೆನ್ಸರನ್ನು ಸೆಕೆಂಡಿಗೆ ಸರಿಯಾಗಿ 100 ಬಾರಿ ಓದುತ್ತಿದ್ದರೆ ಪ್ರತಿ ಬಾರಿಯೂ ಕಂಪನದ ಒಂದೇ ಘಟ್ಟ ಸಿಕ್ಕಿ, ಇಲ್ಲದ ಸ್ಥಿರ ವೇಗೋತ್ಕರ್ಷವೊಂದು ದಾಖಲಾಗುತ್ತದೆ. ಸುತ್ತು 3030ಕ್ಕೆ ಏರಿದರೆ ಕಂಪನ 101 ಹರ್ಟ್ಸ್ ಆಗಿ, ದಾಖಲೆಯಲ್ಲಿ ಸೆಕೆಂಡಿಗೊಂದರಂತೆ ಏರಿಳಿಯುವ ನೀಳ ಅಲೆ ಮೂಡುತ್ತದೆ. ಈ ಅಲೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೋಸಿ ತೆಗೆಯಲಾಗದು, ಏಕೆಂದರೆ ಅದು ನಿಜವಾದ ಚಲನೆಯ ಆವರ್ತನದಲ್ಲಿಯೇ ಬಂದು ಕುಳಿತಿರುತ್ತದೆ.

ಸೋಸುವ ಕೆಲಸ ದಾಖಲಿಸುವುದಕ್ಕಿಂತ ಮೊದಲೇ ಆಗಬೇಕು. ನೀವು ಹೆಸರಿಸಿದ ಸೆನ್ಸರಿನೊಳಗೆ ಕೆಳ ಆವರ್ತನಗಳನ್ನು ಮಾತ್ರ ಬಿಡುವ ಶೋಧಕವಿದೆ; ಅದನ್ನು 44 ಅಥವಾ 21 ಹರ್ಟ್ಸ್‌ಗೆ ಹೊಂದಿಸಬಹುದು. ಇದರಿಂದ ಅಳತೆ ಕೆಲವು ಮಿಲಿಸೆಕೆಂಡ್ ತಡವಾಗುತ್ತದೆಯಾದರೂ ಕಾರಿನ ಚಲನೆಗೆ ಅದು ತೊಂದರೆಯಲ್ಲ. ಸೆನ್ಸರನ್ನು ಪೆಟ್ಟಿಗೆಗೆ, ಪೆಟ್ಟಿಗೆಯನ್ನು ಕಾರಿನ ಗಟ್ಟಿ ಲೋಹದ ಭಾಗಕ್ಕೆ ಅಲುಗದಂತೆ ಬಿಗಿಯಿರಿ. ಡ್ಯಾಶ್‌ಬೋರ್ಡಿನ ತೆಳು ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಆ ಪ್ಲಾಸ್ಟಿಕ್ಕಿನ ಕಂಪನವನ್ನೇ ಅಳೆದಂತಾಗುತ್ತದೆ.

ಶೋಧಕದಿಂದ ಹೋಗದ ಇನ್ನೊಂದು ದೋಷವಿದೆ. ಬ್ರೇಕ್ ಒತ್ತಿದಾಗ ಕಾರಿನ ಮೂಗು ಕೆಳಗೆ ಬಾಗುತ್ತದೆ, ವೇಗ ಹೆಚ್ಚಿಸಿದಾಗ ಮೇಲೇಳುತ್ತದೆ. ಸೆನ್ಸರಿಗೆ ಗುರುತ್ವವನ್ನೂ ಚಲನೆಯನ್ನೂ ಬೇರ್ಪಡಿಸುವ ಬಗೆ ತಿಳಿಯದು. ಕೇವಲ 2 ಡಿಗ್ರಿ ಬಾಗಿದರೂ ಗುರುತ್ವದ ಒಂದು ಪಾಲು, ಅಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 0.34 ಮೀಟರ್, ಅಳತೆಯಲ್ಲಿ ಸೇರಿಕೊಳ್ಳುತ್ತದೆ. ವೇಗೋತ್ಕರ್ಷವನ್ನು ಕೂಡುತ್ತ ವೇಗವನ್ನು, ವೇಗವನ್ನು ಕೂಡುತ್ತ ದೂರವನ್ನು ಕಂಡುಹಿಡಿಯುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ಕೇವಲ 0.1ರಷ್ಟು ತಪ್ಪು ಉಳಿದರೂ 10 ಸೆಕೆಂಡಿನ ಕೊನೆಗೆ ವೇಗದಲ್ಲಿ ಗಂಟೆಗೆ 3.6 ಕಿ.ಮೀ., ದೂರದಲ್ಲಿ 5 ಮೀಟರ್ ವ್ಯತ್ಯಾಸವಾಗುತ್ತದೆ.

ಪ್ರಶ್ನೆ: ಜಿಪಿಎಸ್ ವೇಗ ಮತ್ತು ಓಬಿಡಿ ವೇಗಗಳನ್ನು ಒಂದೇ ಗ್ರಾಫಿನಲ್ಲಿ ಹಾಕಿದರೆ ಒಂದು ಇನ್ನೊಂದಕ್ಕಿಂತ ಹಿಂದೆ ಬೀಳುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಎರಡೂ ತಡವಾಗಿಯೇ ಬರುತ್ತವೆ, ಬೇರೆ ಬೇರೆ ಪ್ರಮಾಣದಲ್ಲಿ. ಜಿಪಿಎಸ್ ಮಾಡ್ಯೂಲ್ ಲೆಕ್ಕ ಮುಗಿಸಿ, ಅದನ್ನು ಅಕ್ಷರಗಳ ಸಾಲಾಗಿ ಮಾಡಿ, ಸರಣಿ ತಂತಿಯ ಮೇಲೆ ಕಳುಹಿಸುವ ಹೊತ್ತಿಗೆ ಆ ಕ್ಷಣ ಕಳೆದುಹೋಗಿರುತ್ತದೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುವುದರಿಂದ 70 ಅಕ್ಷರಗಳ ಒಂದು ವಾಕ್ಯಕ್ಕೇ 70 ಮಿಲಿಸೆಕೆಂಡಿಗೂ ಮಿಕ್ಕಿ ಬೇಕಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು ಸುಮಾರು 2 ಮೀಟರ್ ಮುಂದೆ ಹೋಗಿರುತ್ತದೆ. ಸರಣಿ ವೇಗವನ್ನು 115200ಕ್ಕೆ ಏರಿಸಿ, ಬೇಡದ ವಾಕ್ಯಗಳನ್ನು ನಿಲ್ಲಿಸಿದರೆ ತಡ ಬಹಳ ಮಟ್ಟಿಗೆ ತಗ್ಗುತ್ತದೆ. ಅನೇಕ ಮಾಡ್ಯೂಲುಗಳಲ್ಲಿ ಪ್ರತಿ ಸೆಕೆಂಡಿನ ಆರಂಭದಲ್ಲಿ ನಿಖರವಾಗಿ ಮಿಡಿಯುವ ಪ್ರತ್ಯೇಕ ತಂತಿಯೊಂದು ಇರುತ್ತದೆ. ಆ ಮಿಡಿತವನ್ನು ಮೈಕ್ರೊಕಂಟ್ರೋಲರಿಗೆ ಕೊಟ್ಟರೆ ನಿಮ್ಮ ಗಡಿಯಾರವನ್ನು ಅದರೊಂದಿಗೆ ಹೊಂದಿಸಿಕೊಳ್ಳಬಹುದು.

ಈ ಎಲ್ಲ ಉತ್ತರಗಳಲ್ಲಿ ಯಾವುದಾದರೂ ಒಂದನ್ನೇ ಪಾಲಿಸುತ್ತೀರೆಂದಾದರೆ ಇದನ್ನು ಪಾಲಿಸಿ: ಪ್ರತಿಯೊಂದು ಅಳತೆಗೂ ಅದು ಬಂದ ಕ್ಷಣದಲ್ಲಿಯೇ, ಒಂದೇ ಗಡಿಯಾರದಿಂದ ಸಮಯದ ಮುದ್ರೆಯನ್ನು ಒತ್ತಿ, ಕಚ್ಚಾ ರೂಪದಲ್ಲಿಯೇ ಬರೆದಿಡಿ. ಕಾರಿನಲ್ಲಿರುವಾಗಲೇ ಸರಾಸರಿ ತೆಗೆದು, ಹತ್ತಿರದ ಅಳತೆಗಳನ್ನು ಒಂದೇ ಸಾಲಿಗೆ ತುಂಬಿ, ಅಂದವಾದ ಕೋಷ್ಟಕ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಹಾಗೆ ಮಾಡಿದಾಗ ಯಾವ ಅಳತೆ ಯಾವಾಗ ಬಂತು ಎಂಬುದು ಅಳಿಸಿಹೋಗುತ್ತದೆ, ಆಮೇಲೆ ತಡವನ್ನು ತಿದ್ದುವ ದಾರಿಯೇ ಇರುವುದಿಲ್ಲ. ಮೈಕ್ರೊಸೆಕೆಂಡುಗಳನ್ನು ಎಣಿಸುವ 32 ಬಿಟ್ಟಿನ ಗಡಿಯಾರ ಸುಮಾರು 71 ನಿಮಿಷಕ್ಕೊಮ್ಮೆ ಮತ್ತೆ ಸೊನ್ನೆಗೆ ಮರಳುತ್ತದೆ ಎಂಬುದನ್ನೂ ಗಮನದಲ್ಲಿಡಿ. ದೂರದ ಪ್ರಯಾಣದ ದಾಖಲೆ ನಡುವೆ ಹಿಂದಕ್ಕೆ ಜಿಗಿಯುವುದು ಇದರಿಂದಲೇ. 64 ಬಿಟ್ಟಿನ ಎಣಿಕೆ ಬಳಸಿದರೆ ಈ ಪ್ರಶ್ನೆ ಏಳದು.

ನಂಬಿಕೆಯ ವಿಷಯಕ್ಕೆ ಬಂದರೆ, ತೆರೆದ ಆಕಾಶದ ಕೆಳಗೆ ಜಿಪಿಎಸ್ ವೇಗವೇ ಉತ್ತಮ. ಅದು ಉಪಗ್ರಹಗಳ ಸಂಕೇತದ ಡಾಪ್ಲರ್ ಪಲ್ಲಟದಿಂದ (ಚಲನೆಯಿಂದ ಆವರ್ತನದಲ್ಲಾಗುವ ಬದಲಾವಣೆಯಿಂದ) ಲೆಕ್ಕ ಹಾಕಿದ್ದು, ಟೈರಿನ ಸವೆತಕ್ಕೂ ಗಾಳಿಯ ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಸುರಂಗದಲ್ಲಿ, ಎತ್ತರದ ಕಟ್ಟಡಗಳ ನಡುವೆ ಮಾತ್ರ ಓಬಿಡಿಯೇ ಗತಿ.

ಪ್ರಶ್ನೆ: ಇಗ್ನಿಷನ್ ಆರಿಸಿದ ಮೇಲೆ ನೋಡಿದರೆ ಕೆಲವೊಮ್ಮೆ ಮೆಮೊರಿ ಕಾರ್ಡಿನಲ್ಲಿರುವ ಕಡತ ಖಾಲಿಯಾಗಿರುತ್ತದೆ. ಇನ್ನು ಕೆಲವೊಮ್ಮೆ ನಡುನಡುವೆ ದಾಖಲೆ ತಪ್ಪಿರುತ್ತದೆ. ಕಾರ್ಡನ್ನು ಬದಲಿಸಿದರೂ ಪ್ರಯೋಜನವಾಗಿಲ್ಲ.

ಉತ್ತರ: ಇವು ಎರಡು ಬೇರೆ ರೋಗಗಳು. ನಡುವಿನ ಖಾಲಿ ಜಾಗಗಳಿಗೆ ಕಾರಣ ಕಾರ್ಡಿಗೆ ಬಿಡುವಿಲ್ಲದ ಸಮಯ. ಮೆಮೊರಿ ಕಾರ್ಡು ಸಾಮಾನ್ಯವಾಗಿ ಬೇಗ ಬರೆದು ಮುಗಿಸುತ್ತದೆಯಾದರೂ ಒಮ್ಮೊಮ್ಮೆ ಒಳಗಿನ ಹಳೆಯ ಭಾಗಗಳನ್ನು ಅಳಿಸಿ ಜೋಡಿಸಿಕೊಳ್ಳುವ ಕೆಲಸಕ್ಕಾಗಿ 250 ಮಿಲಿಸೆಕೆಂಡಿನವರೆಗೂ ‘ತಾಳು’ ಎಂದು ಹೇಳಬಹುದು. ಅಷ್ಟು ಹೊತ್ತು ನಿಮ್ಮ ಪ್ರೋಗ್ರಾಂ ಕಾಯುತ್ತ ನಿಂತರೆ ಆ ನಡುವೆ ಬಂದ ಅಳತೆಗಳು ಕೈತಪ್ಪುತ್ತವೆ. ಆದ್ದರಿಂದ ಓದುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಬೇರ್ಪಡಿಸಿ, ನಡುವೆ ವರ್ತುಲಾಕಾರದ ಬಫರ್ (ತುದಿ ತಲುಪಿದಾಗ ಮತ್ತೆ ಮೊದಲಿನಿಂದ ತುಂಬುವ ತಾತ್ಕಾಲಿಕ ಮೆಮೊರಿ) ಇಡಬೇಕು. 32 ಬೈಟಿನ ದಾಖಲೆಗಳು ಸೆಕೆಂಡಿಗೆ 100 ಬಂದರೆ ಕಾಲು ಸೆಕೆಂಡಿಗೆ 800 ಬೈಟ್ ಸಾಕು. ಆದರೆ ಕ್ಯಾನ್ ಜಾಲದಲ್ಲಿ ಹರಿಯುವುದನ್ನೆಲ್ಲ ಹಿಡಿದಿಡುವ ಇಚ್ಛೆಯಿದ್ದರೆ ಲೆಕ್ಕ ಬೇರೆಯಾಗುತ್ತದೆ: ತುಂಬಿದ ಜಾಲದಲ್ಲಿ ಸೆಕೆಂಡಿಗೆ ಸುಮಾರು 4000 ಚೌಕಟ್ಟುಗಳು ಬರಬಹುದು, ಒಂದೊಂದಕ್ಕೆ 16 ಬೈಟ್ ಎಂದರೂ ಕಾಲು ಸೆಕೆಂಡಿಗೆ 16 ಕಿಲೋಬೈಟ್ ಬೇಕು. ಅದರ ಎರಡು ಪಟ್ಟು ಇಟ್ಟುಕೊಂಡರೆ ನೆಮ್ಮದಿ. ಬರೆಯುವುದು ಯಾವಾಗಲೂ 512 ಬೈಟಿನ ಗುಣಕಗಳಲ್ಲಿರಲಿ. ಬಫರ್ ತುಂಬಿ ದಾಖಲೆ ಬಿಟ್ಟುಹೋದರೆ ಎಷ್ಟು ಬಿಟ್ಟುಹೋಯಿತು ಎಂಬ ಎಣಿಕೆಯನ್ನೂ ಬರೆದಿಡಿ; ಮೌನವಾಗಿ ಕಳೆದುಹೋದ ಅಳತೆ ತಪ್ಪು ಅಳತೆಗಿಂತ ಕೆಟ್ಟದ್ದು.

ಖಾಲಿ ಕಡತದ ಕಥೆ ಇನ್ನೊಂದು. ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್ ವ್ಯವಸ್ಥೆಯಲ್ಲಿ ಕಡತದ ಉದ್ದವನ್ನು ಅದರ ಮಾಹಿತಿಯ ಜೊತೆಗಲ್ಲ, ಬೇರೆಡೆ ಇರುವ ಪಟ್ಟಿಯಲ್ಲಿ ಬರೆಯಲಾಗುತ್ತದೆ, ಅದೂ ಕಡತವನ್ನು ಮುಚ್ಚಿದಾಗ ಅಥವಾ ವಿಶೇಷವಾಗಿ ಆದೇಶಿಸಿದಾಗ ಮಾತ್ರ. ಅದಕ್ಕೆ ಮೊದಲೇ ವಿದ್ಯುತ್ ಹೋದರೆ ಅಂಕಿಗಳೆಲ್ಲ ಕಾರ್ಡಿನಲ್ಲಿದ್ದರೂ ಪಟ್ಟಿಯಲ್ಲಿ ಉದ್ದ ಸೊನ್ನೆಯೆಂದೇ ಇರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಪಟ್ಟಿಯನ್ನು ನವೀಕರಿಸುವುದು ಮೊದಲ ಪರಿಹಾರ. ವಿದ್ಯುತ್ ಹೋದ ಮೇಲೆಯೂ ಒಂದೆರಡು ಸೆಕೆಂಡ್ ಉಸಿರು ಹಿಡಿದುಕೊಳ್ಳುವ ವ್ಯವಸ್ಥೆ ಎರಡನೆಯದು. 1 ಫ್ಯಾರಡ್ ಧಾರಕತೆಯ ಸೂಪರ್ ಕೆಪ್ಯಾಸಿಟರ್ 5 ವೋಲ್ಟಿನಿಂದ 3.5 ವೋಲ್ಟಿಗೆ ಇಳಿಯುವಷ್ಟರಲ್ಲಿ 100 ಮಿಲಿ ಆಂಪಿಯರ್ ಬಳಸುವ ಸಾಧನವನ್ನು 15 ಸೆಕೆಂಡ್ ನಡೆಸಬಲ್ಲದು. ಕಡತ ಮುಚ್ಚಲು ಅದರ ಹತ್ತನೆಯ ಒಂದು ಪಾಲು ಸಾಕು. ಈ ಕೆಲಸಕ್ಕೆ ಲಿಥಿಯಂ ಬ್ಯಾಟರಿ ಬೇಡವೆಂಬುದು ನನ್ನ ಅಭಿಪ್ರಾಯ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಶಾಖ ಅಂಥ ಬ್ಯಾಟರಿಗಳು ತಾಳಿಕೊಳ್ಳುವ ಮಿತಿಯನ್ನು ಮೀರಬಲ್ಲದು.

ಪ್ರಶ್ನೆ: ಸಾಧನವನ್ನು ಸದಾ ಜೋಡಿಸಿಟ್ಟರೆ ಕಾರಿನ ಬ್ಯಾಟರಿ ಇಳಿದುಹೋಗುತ್ತದೆಯೇ?

ಉತ್ತರ: ಇಳಿಯುತ್ತದೆ. 16ನೆಯ ಕಾಲಿಗೆ ಇಗ್ನಿಷನ್ ಆರಿಸಿದ ಮೇಲೆಯೂ ವಿದ್ಯುತ್ ಇರುತ್ತದೆ. ನಿಮ್ಮ ಸಾಧನ 50 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಎರಡು ವಾರ ನಿಂತ ಕಾರಿನಲ್ಲಿ ಸುಮಾರು 17. ಇದು 45 ಆಂಪಿಯರ್-ಗಂಟೆಯ ಬ್ಯಾಟರಿಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಕಾರು ನಿಂತಾಗ ಸಾಧನ ನಿದ್ರೆಗೆ ಜಾರಿ ಒಂದು ಮಿಲಿ ಆಂಪಿಯರಿಗಿಂತ ಕಡಿಮೆ ಬಳಸುವಂತೆ ಮಾಡಬೇಕು. ಚಿಪ್ ಮಲಗಿದರೂ ಎಚ್ಚರವಾಗಿರುವ ವೋಲ್ಟೇಜ್ ನಿಯಂತ್ರಕದ ಬಳಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಂತ ಕಾರಿಗೆ ಓಬಿಡಿ ಪ್ರಶ್ನೆಗಳನ್ನು ಕಳುಹಿಸುತ್ತಿದ್ದರೆ ಕಾರಿನ ನಿಯಂತ್ರಕಗಳೂ ಮಲಗದೆ ಉಳಿಯಬಹುದು.

ಕಾರಿನ 12 ವೋಲ್ಟ್ ಎಂಬುದು ಹೆಸರಿಗೆ ಮಾತ್ರ. ಎಂಜಿನ್ ಚಾಲೂ ಮಾಡುವಾಗ ಅದು 6 ವೋಲ್ಟಿನವರೆಗೆ ಕುಸಿಯಬಹುದು. ಆಲ್ಟರ್ನೇಟರ್ ಚಾರ್ಜು ಮಾಡುತ್ತಿರುವಾಗ ಬ್ಯಾಟರಿಯ ಸಂಪರ್ಕ ಕಡಿದರೆ ಕ್ಷಣಕಾಲ 35 ವೋಲ್ಟ್, ರಕ್ಷಣೆಯಿಲ್ಲದ ಹಳೆಯ ವಾಹನಗಳಲ್ಲಿ 100 ವೋಲ್ಟಿನ ಆಸುಪಾಸಿಗೆ ಏರಬಹುದು. ಫ್ಯೂಸ್, ತಿರುಗುಮುರುಗು ಜೋಡಣೆಯಿಂದ ಕಾಪಾಡುವ ಡಯೋಡ್, ಉಬ್ಬರವನ್ನು ತಡೆಯುವ ಟಿವಿಎಸ್ ಡಯೋಡ್, ವಾಹನಗಳಿಗೆಂದೇ ತಯಾರಾದ ವೋಲ್ಟೇಜ್ ನಿಯಂತ್ರಕ, ಇವಿಷ್ಟನ್ನು ಬಿಡುವಂತಿಲ್ಲ.

ಪ್ರಶ್ನೆ: ದಾಖಲೆಯನ್ನು ನೇರವಾಗಿ ಇಂಟರ್ನೆಟ್ಟಿಗೆ ಕಳುಹಿಸಬಹುದೇ?

ಉತ್ತರ: ತಾಂತ್ರಿಕವಾಗಿ ಸುಲಭ, ಆದರೆ ಕಾರ್ಡಿನಲ್ಲಿ ಬರೆದು ಮನೆಗೆ ಬಂದ ಮೇಲೆ ತೆಗೆದುಕೊಳ್ಳುವುದೇ ಒಳ್ಳೆಯದು. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಸಂಶೋಧಕರು ಓಬಿಡಿ ಕಿಂಡಿಗೆ ಸಿಕ್ಕಿಸಿದ ಇಂಥದೇ ಒಂದು ಸಾಧನಕ್ಕೆ ಎಸ್‌ಎಂಎಸ್ ಕಳುಹಿಸಿ ಕಾರಿನ ಬ್ರೇಕುಗಳನ್ನು ನಿಯಂತ್ರಿಸಿ ತೋರಿಸಿದರು. ಕ್ಯಾನ್ ಜಾಲಕ್ಕೆ ಬರೆಯಬಲ್ಲ ಸಾಧನದಲ್ಲಿ ಹೊರಗಿನವರು ಪ್ರವೇಶಿಸಬಲ್ಲ ಬಾಗಿಲನ್ನು ಇಡಬೇಡಿ.

ಪ್ರಶ್ನೆ: ಈ ದಾಖಲೆಯಿಂದ ಎಂಜಿನ್ನಿನ ಶಕ್ತಿಯನ್ನು ಲೆಕ್ಕ ಹಾಕಬಹುದೇ?

ಉತ್ತರ: ಚಕ್ರಗಳಿಗೆ ತಲುಪುವ ಶಕ್ತಿಯನ್ನು ಹಾಕಬಹುದು. ಜನರೂ ಸೇರಿ 1200 ಕಿಲೋಗ್ರಾಂ ತೂಗುವ ಕಾರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿರುವಾಗ ಅದರ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 2 ಮೀಟರ್ ಇದ್ದರೆ ಬೇಕಾಗುವ ಬಲ 2400 ನ್ಯೂಟನ್. ಸಾಧಾರಣ ಗಾತ್ರದ ಕಾರಿಗೆ ಆ ವೇಗದಲ್ಲಿ ಗಾಳಿಯ ತಡೆ ಸುಮಾರು 156, ಟೈರುಗಳ ಉರುಳು ತಡೆ ಸುಮಾರು 141. ಒಟ್ಟು ಬಲವನ್ನು ವೇಗದಿಂದ ಗುಣಿಸಿದರೆ ಹತ್ತಿರ ಹತ್ತಿರ 54 ಕಿಲೋವಾಟ್, ಅಂದರೆ ಸುಮಾರು 72 ಅಶ್ವಶಕ್ತಿ ಬರುತ್ತದೆ. ಗೇರುಗಳಲ್ಲಿ ವ್ಯಯವಾಗುವುದು ಮತ್ತು ತಿರುಗುವ ಭಾಗಗಳನ್ನು ವೇಗಗೊಳಿಸಲು ತಗಲುವುದು ಇದರಲ್ಲಿ ಸೇರಿಲ್ಲವಾದ್ದರಿಂದ ತಯಾರಕರು ಹೇಳುವ ಎಂಜಿನ್ ಶಕ್ತಿಗಿಂತ ಇದು ಕಡಿಮೆಯೇ ಇರುತ್ತದೆ.

ವೇಗೋತ್ಕರ್ಷವನ್ನು ಎಲ್ಲಿಂದ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲೆ ಈ ಲೆಕ್ಕ ನಿಂತಿದೆ. ಮೇಲೆ ಹೇಳಿದ 2 ಡಿಗ್ರಿ ಬಾಗುವಿಕೆಯ ದೋಷವೊಂದೇ ಇಲ್ಲಿ 8 ಕಿಲೋವಾಟಿನ ಸುಳ್ಳು ಶಕ್ತಿಯನ್ನು ಸೇರಿಸಿಬಿಡುತ್ತದೆ. ಓಬಿಡಿ ವೇಗವು ಒಂದೊಂದು ಕಿಲೋಮೀಟರಿನ ಮೆಟ್ಟಿಲುಗಳಲ್ಲಿ ಏರುವುದರಿಂದ ಅದು ಬದಲಾಗುವ ದರವನ್ನು ಲೆಕ್ಕ ಹಾಕಿದರೆ ಮುಳ್ಳುಮುಳ್ಳಾದ ಗ್ರಾಫ್ ಸಿಗುತ್ತದೆ. ಸೆಕೆಂಡಿಗೆ 10 ಬಾರಿ ಬರುವ ಜಿಪಿಎಸ್ ವೇಗದಿಂದ ಲೆಕ್ಕ ಹಾಕುವುದೇ ಸರಿಯಾದ ದಾರಿ. ಗಾಳಿಯ ಮತ್ತು ಟೈರಿನ ತಡೆಗಳನ್ನು ಊಹಿಸುವ ಬದಲು ಅಳೆಯಲೂ ಬಹುದು: ಬೇರೆ ವಾಹನಗಳಿಲ್ಲದ, ಅನುಮತಿಯಿರುವ ಸಮತಟ್ಟು ದಾರಿಯಲ್ಲಿ ವೇಗ ಹಿಡಿದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ಆರಿಸದೆ, ಕಾರು ತಾನಾಗಿ ನಿಧಾನವಾಗುವುದನ್ನು ದಾಖಲಿಸಿ. ಶೇಕಡಾ 1ರಷ್ಟು ಏರು ಕಣ್ಣಿಗೆ ಕಾಣದಿದ್ದರೂ ಅದು 118 ನ್ಯೂಟನ್ ಬಲಕ್ಕೆ ಸಮ, ಹೆಚ್ಚುಕಡಿಮೆ ಟೈರಿನ ತಡೆಯಷ್ಟು ದೊಡ್ಡದು. ಅದೇ ದಾರಿಯಲ್ಲಿ ಎರಡೂ ದಿಕ್ಕಿಗೆ ಓಡಿಸಿ ಎರಡು ದಾಖಲೆಗಳ ಸರಾಸರಿಯನ್ನು ತೆಗೆದುಕೊಂಡರೆ ಏರಿನ ಪರಿಣಾಮವೂ ಹಗುರವಾದ ಗಾಳಿಯ ಪರಿಣಾಮದ ಬಹುಪಾಲೂ ಕಳೆದುಹೋಗುತ್ತವೆ.